‘ಒಲ್ಲೆ’ ಎನ್ನುವ ವಿದ್ಯೆ

ಕಳೆದ ಬೇಸಗೆಯಲ್ಲಿ ನನ್ನ ಭಾವಮೈದುನನ ಹೊಸ ಮನೆಯ ಕೆಲಸವನ್ನು ನೋಡಿಬರಲೆಂದು ಹರಪನಹಳ್ಳಿ ತಾಲ್ಲೂಕಿನ ನೀಲಗುಂದಕ್ಕೆ ಹೋಗಿದ್ದೆ. ನೀಲಗುಂದವೆಂದೊಡನೆ ಶಿಲ್ಪಕಲೆಯ ಅಭಿಮಾನಿಗಳು ಕಣ್ಣರಳಿಸುತ್ತಾರೆ. ಕಲ್ಯಾಣ ಚಾಲುಕ್ಯರ ಕಾಲದ ಭೀಮೇಶ್ವರ ದೇವಾಲಯ ಇರುವುದು ಆ ಊರಿನಲ್ಲಿಯೇ. ನಾನು ಹೋದದ್ದು ದೇವರ ದರ್ಶನಕ್ಕೂ ಅಲ್ಲ, ಶಿಲ್ಪದ ದರ್ಶನಕ್ಕೂ ಅಲ್ಲ. ನಾದಿನಿಯ ಕೈಯ ಹೋಳಿಗೆಯ ಆಸೆಗೆ. ಆದರೆ ಕಲಿತುಬಂದದ್ದು ಬೇರೆಯೇ ಒಂದು ಪಾಠ. ಕಲಿಸಿದವನು ೨೮ರ ಆಸುಪಾಸಿನ ಒಬ್ಬ ಕ್ರೇನು ಚಾಲಕ.

ಮನೆಯ ಕೆಳ ಅಂತಸ್ತು ಮುಗಿದು, ಮೇಲಂತಸ್ತಿನ ಗೋಡೆಗಳು ಎದ್ದಿದ್ದವು. ತಾರಸಿ ಹಾಕುವುದಕ್ಕೆ ಪುರೋಹಿತರು ಗಳಿಗೆ ಇಟ್ಟುಕೊಟ್ಟಿದ್ದರು. ಅದರೊಳಗೆ ಸಲಾಕೆ ಹೆಣೆದು ಮುಗಿಸಬೇಕೆಂದು ಮೇಸ್ತ್ರಿಯ ಅವಸರ. ಗಳಿಗೆ ತಪ್ಪಬಾರದೆಂದು ಭಾವಮೈದುನನ ಅವಸರ. ಊಟಕ್ಕೆ ಹೊತ್ತಾಗಬಾರದೆಂದು ನನ್ನ ಅವಸರ. ಕಬ್ಬಿಣದ ಸಲಾಕೆಗಳ ಕಟ್ಟುಗಳು ಬೀದಿಯಲ್ಲಿ ಬಿದ್ದಿದ್ದವು. ಅವನ್ನು ಮೇಲಕ್ಕೆ ಏರಿಸಲೆಂದು ಲಾರಿಯ ಬೆನ್ನಿನ ಮೇಲೆ ಕೂರಿಸಿದ ಕ್ರೇನೊಂದು ಹರಪನಹಳ್ಳಿಯಿಂದ ಬಂದು ನಿಂತಿತು.

ಚಾಲಕನು ಕೆಳಗಿಳಿದವನೇ ದೇವರ ಗುಡಿಯನ್ನು ಸುತ್ತುವವನಂತೆ ಆ ಸ್ಥಳವನ್ನು ಒಂದು ಸುತ್ತು ಬಂದ. ತಲೆಯೆತ್ತಿ ಬೀದಿಗೆ ಅಡ್ಡಲಾಗಿ ಹೋಗಿದ್ದ ವಿದ್ಯುತ್ ತಂತಿಗಳನ್ನು ನೋಡಿದ. ನೆಲವನ್ನು ಹಿಮ್ಮಡಿಯಿಂದ ಒದೆದು ನೋಡಿದ. ಆಮೇಲೆ ಭಾವಮೈದುನನ ಬಳಿ ಬಂದು, “ಒಲ್ಲೆ ಸರ, ಇಲ್ಲಿ ನಿಂತು ನಾನು ಎತ್ತೂದಿಲ್ಲ” ಎಂದ.

ಗದ್ದಲಕ್ಕೆ ಅಷ್ಟೇ ಸಾಕಾಯಿತು. ಮೇಸ್ತ್ರಿ ರೇಗಿದ. ಹಿಂದಿನ ವಾರ ಇದೇ ಜಾಗದಲ್ಲಿ ಇನ್ನೊಬ್ಬ ಎತ್ತಿಕೊಟ್ಟುಹೋದನೆಂದು ಯಾರೋ ಸಾಕ್ಷಿ ನುಡಿದರು. ಬಾಡಿಗೆಯನ್ನು ಹೆಚ್ಚಿಸುವ ಹೂಟವಿದೆಂದು ಇನ್ನೊಬ್ಬರು ಪಿಸುಗುಟ್ಟಿದರು. ನಾಲ್ಕಕ್ಷರ ಕಲಿತವನೆಂಬ ಹಮ್ಮಿನಿಂದ ನಾನೂ ಬಾಯಿ ಹಾಕಿದೆ: “ಏನಪ್ಪಾ, ನಿನ್ನ ಗಾಡಿಯ ಮೇಲೆ ೧೦ ಟನ್ನು ಎಂದು ಬರೆದಿದೆ. ಈ ಕಟ್ಟು ಒಂದು ಟನ್ನು ಇದ್ದೀತು. ಆನೆಗೆ ಅಡಕೆಯ ಚೀಲ ಹೆಚ್ಚಾಯಿತೆ?”

ಅವನು ನಕ್ಕ. “ಹತ್ತು ಟನ್ನು ಅಂತ ಬರದದ್ದು ಕೈ ಮಡಚಿಕೊಂಡಾಗಿನ ಲೆಕ್ಕ ಸರ. ಕೈ ಚಾಚಿದಾಗಿನ ಲೆಕ್ಕ ಬ್ಯಾರೆ” ಎಂದು, ಮೇಸ್ತ್ರಿಯ ಕಡೆ ತಿರುಗಿ ಒಂದು ಹಾರೆಯನ್ನು ಕೇಳಿದ. ಲಾರಿಯ ಹಿಂದಿನ ಚಾಚುಗಾಲು ಎಲ್ಲಿ ಊರಬೇಕೆಂದು ಮೇಸ್ತ್ರಿ ಗುರುತು ಮಾಡಿದ್ದನೋ ಅಲ್ಲಿಯೇ ಹಾರೆಯನ್ನು ಎತ್ತಿ ಹಾಕಿದ. ಮೊದಲ ಪೆಟ್ಟಿಗೆ ಒಂದು ಗೇಣು ಇಳಿಯಿತು. ಮೂರನೆಯ ಪೆಟ್ಟಿಗೆ ಹಾರೆಯ ಮುಕ್ಕಾಲು ಭಾಗ ತಡೆಯಿಲ್ಲದೆ ನೆಲದೊಳಕ್ಕೆ ಹೋಯಿತು. ಎದುರು ಮನೆಯ ಕಟ್ಟೆಯ ಮೇಲೆ ಕುಳಿತಿದ್ದ ಮುದುಕಿಯೊಬ್ಬಳು ಆಗ ನೆನಪಿಸಿಕೊಂಡಳು: “ಅಲ್ಲಿ ನಮ್ಮ ಮಾವನ ಕಾಲದ ಹಗೇವು ಇತ್ತಲ್ಲೋ ಯಪ್ಪಾ!”

ಪಟ್ಟಣದಲ್ಲಿ ಹುಟ್ಟಿ ಬೆಳೆದ ನಮ್ಮ ಓದುಗರಿಗೆ ಹಗೇವು ಎಂದರೆ ತಿಳಿಯಲಿಕ್ಕಿಲ್ಲ. ಜೋಳವನ್ನು ವರ್ಷಗಟ್ಟಲೆ ಕೆಡದಂತೆ ಇಡಲು ಹಿಂದಿನವರು ನೆಲದೊಳಗೆ ತೋಡುತ್ತಿದ್ದ ಕಣಜ ಅದು. ಬಾಯಿ ಕಿರಿದು, ಹೊಟ್ಟೆ ದೊಡ್ಡದು. ಚೀಲಗಳೂ ಗೋದಾಮುಗಳೂ ಬಂದಮೇಲೆ ಹಗೇವುಗಳ ಬಾಯಿಗೆ ಕಲ್ಲು ಮುಚ್ಚಿ, ಮಣ್ಣೆಳೆದು, ಜನ ಮರೆತುಬಿಟ್ಟರು. ನೆಲ ಮರೆತಿರಲಿಲ್ಲ. ಹಿಂದಿನ ವಾರದ ಕ್ರೇನು ಬೇರೆ ಯಾವ ಮೂಲೆಯಲ್ಲಿ ಕಾಲೂರಿತ್ತೋ. ಅದರ ಪುಣ್ಯ ದೊಡ್ಡದು. ನಾನು ಬಾಯಿ ಮುಚ್ಚಿಕೊಂಡೆ.

ವಿದ್ಯುತ್ತನ್ನು ನಿಲ್ಲಿಸಲು ಲೈನ್‌ಮನ್‌ಗೆ ಹೇಳಿಕಳುಹಿಸಿದ್ದಾಯಿತು. ಅವನು ಬರುವವರೆಗೆ ಮಾಡುವ ಕೆಲಸವಿಲ್ಲದ್ದರಿಂದ ನಾನು ಚಾಲಕನನ್ನು ನೆರಳಿಗೆ ಕರೆದು, ಚಹಾ ತರಿಸಿ, ಅವನ ವಿದ್ಯೆಯ ವಿಚಾರವನ್ನು ಕೇಳತೊಡಗಿದೆ. ಅವನು ಹೇಳಿದುದನ್ನೂ, ಊರಿಗೆ ಮರಳಿದ ಮೇಲೆ ನಾನು ಓದಿ ತಿಳಿದುದನ್ನೂ ಇಲ್ಲಿ ಸೇರಿಸಿ ಬರೆಯುತ್ತಿದ್ದೇನೆ. ಕ್ರೇನಿಗೂ ಸಂಸಾರಸ್ಥರಿಗೂ ಏನು ಸಂಬಂಧವೆಂದು ಪುಟವನ್ನು ಮಗುಚಬೇಡಿ. ಇಂದು ಕೊಳವೆಬಾವಿಯ ಪಂಪನ್ನು ಎತ್ತುವುದರಿಂದ ಹಿಡಿದು ಗಣಪತಿಯನ್ನು ನೀರಿಗೆ ಬಿಡುವವರೆಗೆ, ಮನೆಯ ಮುಂದೆ, ಮಕ್ಕಳು ಆಡುವ ಬೀದಿಯಲ್ಲಿ, ಈ ಯಂತ್ರ ಬಂದು ನಿಲ್ಲುತ್ತದೆ. ಅದನ್ನು ಕರೆಸುವವರು ನಾವು, ಅವಸರಪಡಿಸುವವರೂ ನಾವೇ.

ಮೊದಲನೆಯ ಪಾಠ ಕೈ ಮಡಚಿದ ಲೆಕ್ಕ. ತುಂಬಿದ ಕೊಡವನ್ನು ಸೊಂಟದಲ್ಲಿ ಇಟ್ಟುಕೊಂಡು ನಮ್ಮ ಹೆಣ್ಣುಮಕ್ಕಳು ಮೈಲಿಗಟ್ಟಲೆ ನಡೆದವರು. ಅದೇ ಕೊಡವನ್ನು ಕೈ ನೀಡಿ ತೋಳಿನ ತುದಿಯಲ್ಲಿ ಹಿಡಿದು ನಿಲ್ಲಿರೆಂದರೆ ಪೈಲವಾನನೂ ನಿಮಿಷದಲ್ಲಿ ಸೋಲುತ್ತಾನೆ. ಕೊಡದ ಭಾರ ಹೆಚ್ಚಲಿಲ್ಲ, ದೂರ ಹೆಚ್ಚಿತು. ಕ್ರೇನಿನ ಶಾಸ್ತ್ರವೂ ಇದೇ. ಭಾರವನ್ನು ದೂರದಿಂದ ಗುಣಿಸಿದರೆ ಬರುವ ಮೊತ್ತವೇ ಲಾರಿಯನ್ನು ಉರುಳಿಸಲು ಎಳೆಯುವ ಬಲ. ೩ ಮೀಟರ್ ದೂರದಲ್ಲಿ ೧೦ ಟನ್ನು ಎತ್ತಬಲ್ಲ ಕ್ರೇನು, ಬರಿಯ ಗುಣಾಕಾರದ ಲೆಕ್ಕದಲ್ಲಿಯೇ, ೬ ಮೀಟರಿಗೆ ೫ ಟನ್ನಿಗೂ ೧೨ ಮೀಟರಿಗೆ ಎರಡೂವರೆ ಟನ್ನಿಗೂ ಇಳಿಯುತ್ತದೆ. ಚಾಚಿದ ತೋಳಿನ ಸ್ವಂತ ಭಾರವೂ, ಕೊಕ್ಕೆ, ಸರಪಳಿಗಳ ಭಾರವೂ ಇದಕ್ಕೆ ಸೇರುವುದರಿಂದ ನಿಜವಾದ ಅಂಕಿ ಇನ್ನೂ ಕಡಮೆ. ಎಷ್ಟು ದೂರಕ್ಕೆ ಎಷ್ಟು ಭಾರವೆಂಬ ಪಟ್ಟಿಯೊಂದನ್ನು ಯಂತ್ರ ಮಾಡಿದವರೇ ಕೊಟ್ಟಿರುತ್ತಾರೆ. ಅದನ್ನು ಓದಲು ಕಲಿಯುವುದೇ ಚಾಲಕನ ಶಿಕ್ಷಣದ ಅಕ್ಷರಾಭ್ಯಾಸ. ನಾನು ಗಾಡಿಯ ಮೇಲೆ ಓದಿದ ‘೧೦ ಟನ್ನು’ ಆ ಪಟ್ಟಿಯ ಮೊದಲನೆಯ ಸಾಲು ಮಾತ್ರ.

ಪಟ್ಟಿ ಗೊತ್ತಿದ್ದರೆ ಸಾಲದು, ಎತ್ತುವ ವಸ್ತುವಿನ ತೂಕವೂ ಗೊತ್ತಿರಬೇಕು. ಕಣ್ಣಂದಾಜು ಇಲ್ಲಿ ಶತ್ರು. ೧೨ ಮಿಲಿಮೀಟರ್ ದಪ್ಪದ ಸಲಾಕೆ ಮೀಟರಿಗೆ ಸುಮಾರು ೦.೮೯ ಕಿಲೋ ತೂಗುತ್ತದೆ. ೧೨ ಮೀಟರ್ ಉದ್ದದ ಒಂದು ಸಲಾಕೆ ಹತ್ತೂವರೆ ಕಿಲೋವನ್ನು ಮೀರುತ್ತದೆ. ಅಂಥ ನೂರು ಸಲಾಕೆಗಳ ಕಟ್ಟು ಒಂದು ಟನ್ನನ್ನು ದಾಟುತ್ತದೆ. ಒಂದು ಘನ ಮೀಟರ್ ನೀರು ಒಂದು ಟನ್ನು. ಅಷ್ಟೇ ಅಳತೆಯ ಗಟ್ಟಿ ಕಲ್ಲು ಸುಮಾರು ೨.೭ ಟನ್ನು. ಬಾಯಿಪಾಠವಾಗಿ ಬರಬೇಕಾದ ಈ ಅಂಕಿಗಳು ನಮ್ಮ ಚಾಲಕನಿಗೆ ಮಗ್ಗಿಯಂತೆ ಬರುತ್ತಿದ್ದವು.

ಎರಡನೆಯ ಪಾಠ ನೆಲದ್ದು. ಲಾರಿಯ ಎರಡೂ ಮಗ್ಗುಲಿಗೆ ಚಾಚಿ ನೆಲಕ್ಕೆ ಊರುವ ಉಕ್ಕಿನ ಕಾಲುಗಳಿವೆ. ಚಾಲಕರು ಅವನ್ನು ಜಾಕು ಎಂದೋ ಔಟ್‌ರಿಗರ್ ಎಂದೋ ಕರೆಯುತ್ತಾರೆ. ತೋಳು ಯಾವ ದಿಕ್ಕಿಗೆ ತಿರುಗುವುದೋ ಆ ದಿಕ್ಕಿನ ಕಾಲಿನ ಮೇಲೆ ಯಂತ್ರದ ಬಹುಪಾಲು ಭಾರ ಬೀಳುತ್ತದೆ. ೮ ಟನ್ನು ಭಾರ ಬಿದ್ದ ಕಾಲಿನ ಪಾದ ೪೦ ಸೆಂಟಿಮೀಟರ್ ಚೌಕವಾಗಿದ್ದರೆ, ನೆಲದ ಮೇಲಿನ ಒತ್ತಡ ಚದರ ಮೀಟರಿಗೆ ೫೦ ಟನ್ನು. ಅದರ ಕೆಳಗೆ ೧.೨ ಮೀಟರ್ ಚೌಕದ ಗಟ್ಟಿಯಾದ ಮರದ ದಿಮ್ಮಿಗಳ ಹಾಸನ್ನು ಇಟ್ಟರೆ ಅದೇ ಒತ್ತಡ ೬ ಟನ್ನಿನ ಒಳಕ್ಕೆ ಇಳಿಯುತ್ತದೆ. ಕೆಸರಿನಲ್ಲಿ ಹಲಗೆಯ ಮೇಲೆ ಕಾಲಿಟ್ಟು ನಡೆಯುವ ಉಪಾಯವೇ ಇದು. ಆದರೆ ಅದನ್ನು ಮಾಡುವವರು ವಿರಳ. ಕೂಡ್ಲಿಗಿ, ಕೊಟ್ಟೂರು, ಹಡಗಲಿ, ಹರಪನಹಳ್ಳಿಗಳ ಸೀಮೆಯಲ್ಲಿ ಒಂದೇ ಹೊಲದ ಒಂದು ಮೂಲೆ ಗಟ್ಟಿ ಕೆಮ್ಮಣ್ಣು, ಇನ್ನೊಂದು ಮೂಲೆ ಎರೆ. ಎರೆಮಣ್ಣು ಬೇಸಗೆಯಲ್ಲಿ ಕಲ್ಲಿನಂತೆ ಬಿರಿದು ನಿಂತು, ಒಂದು ಮಳೆ ಬಿದ್ದೊಡನೆ ಬೆಣ್ಣೆಯಾಗುತ್ತದೆ. ನಿನ್ನೆ ಹೊತ್ತ ನೆಲ ಇಂದು ಹೊರುವುದೆಂಬ ಭರವಸೆಯಿಲ್ಲ. ಜೊತೆಗೆ ಹಳೆಯ ಊರುಗಳಲ್ಲಿ ಹಗೇವು, ಹೂತ ಬಾವಿ, ಬಚ್ಚಲ ಗುಂಡಿಗಳು. ಊರಿನ ಹಿರಿಯರನ್ನು ಒಂದು ಮಾತು ಕೇಳುವುದು ಯಾವ ಪಾಠಪುಸ್ತಕದಲ್ಲಿಯೂ ಇಲ್ಲದ, ಆದರೆ ಇರಲೇಬೇಕಾದ ಪರೀಕ್ಷೆ.

ಮೂರನೆಯದು ಕಟ್ಟುವ ವಿದ್ಯೆ. ಕೊಕ್ಕೆಯಿಂದ ಎರಡು ಹಗ್ಗಗಳು ಇಳಿದು ಭಾರದ ಎರಡು ತುದಿಗಳನ್ನು ಹಿಡಿದಿದ್ದರೆ, ಒಂದೊಂದು ಹಗ್ಗಕ್ಕೂ ಅರ್ಧರ್ಧ ಭಾರವೆಂದು ನಾವು ತಿಳಿಯುತ್ತೇವೆ. ಹಗ್ಗಗಳು ನೆಟ್ಟಗೆ ಇಳಿದಾಗ ಮಾತ್ರ ಅದು ನಿಜ. ನೆಲಮಟ್ಟಕ್ಕೆ ೬೦ ಡಿಗ್ರಿ ಕೋನದಲ್ಲಿ ಓರೆಯಾದರೆ ೨ ಟನ್ನಿನ ಹೊರೆಗೆ ಒಂದೊಂದು ಹಗ್ಗವೂ ಸುಮಾರು ೧.೧೫ ಟನ್ನು ಎಳೆತವನ್ನು ತಾಳಬೇಕು. ೩೦ ಡಿಗ್ರಿಗೆ ಚಪ್ಪಟೆಯಾದರೆ ಒಂದೊಂದೂ ಪೂರ್ತಿ ೨ ಟನ್ನು ತಾಳಬೇಕು. ಇಬ್ಬರು ಸೇರಿ ಒದ್ದೆಯ ಜಮಖಾನೆಯನ್ನು ಎತ್ತುವಾಗ ಹತ್ತಿರ ನಿಂತರೆ ಹಗುರ, ದೂರ ದೂರ ನಿಂತು ಎಳೆದು ಹಿಡಿದರೆ ತೋಳು ಕಿತ್ತುಬರುವಷ್ಟು ಭಾರ. ಮನೆಯಲ್ಲಿ ಮಾಡಿ ನೋಡಬಹುದು. ಹಗ್ಗ ಹರಿದಾಗ ಜನ ಹಗ್ಗವನ್ನು ಬೈಯುತ್ತಾರೆ. ಹಗ್ಗದ ತಪ್ಪಲ್ಲ, ಕೋನದ ತಪ್ಪು.

ನಾಲ್ಕನೆಯದು ತಂತಿ. ಉಕ್ಕಿನ ತೋಳು ವಿದ್ಯುತ್ ತಂತಿಯನ್ನು ಮುಟ್ಟಿದರೆ ಲಾರಿಗೆ ಲಾರಿಯೇ ವಿದ್ಯುತ್ತಿನ ಭಂಡಾರವಾಗುತ್ತದೆ. ಲಾರಿಗೆ ಕೈಯಾನಿಸಿ ನಿಂತವನು, ಹೊರೆಯನ್ನು ಹಿಡಿದವನು, ಓಡಿಬಂದು ಚಾಲಕನನ್ನು ಎಳೆಯಹೋದವನು, ಎಲ್ಲರೂ ಆಹುತಿ. ೫೦ ಸಾವಿರ ವೋಲ್ಟಿನವರೆಗಿನ ತಂತಿಯಿಂದ ಕ್ರೇನಿನ ಯಾವ ಭಾಗವೂ ೧೦ ಅಡಿಯೊಳಗೆ ಸುಳಿಯಬಾರದೆಂದು ಅಮೆರಿಕದ ನಿಯಮ. ತಂತಿಯ ಬಲ ತಿಳಿಯದಿದ್ದರೆ ೨೦ ಅಡಿ ದೂರವಿಟ್ಟೇ ತೊಡಗಬೇಕು. ಎಲ್ಲಕ್ಕಿಂತ ಮೇಲು ವಿದ್ಯುತ್ತನ್ನು ನಿಲ್ಲಿಸಿಯೇ ಕೆಲಸ ಹಿಡಿಯುವುದು. ಆದರೂ ಮುಟ್ಟಿಹೋಯಿತೆನ್ನಿ, ಆಗ ಚಾಲಕ ಗಾಬರಿಯಿಂದ ಇಳಿಯಬಾರದು. ಕುಳಿತಲ್ಲಿಯೇ ಕುಳಿತು, ಸಾಧ್ಯವಾದರೆ ತೋಳನ್ನು ಮೆಲ್ಲನೆ ತಂತಿಯಿಂದ ಸರಿಸಿ, ಬೇರೆಯವರನ್ನು ದೂರ ನಿಲ್ಲಿರೆಂದು ಕೂಗಬೇಕು. ಲಾರಿಗೆ ಬೆಂಕಿ ಹತ್ತಿ ಇಳಿಯಲೇಬೇಕಾದರೆ, ಲಾರಿಯನ್ನೂ ನೆಲವನ್ನೂ ಏಕಕಾಲಕ್ಕೆ ಮುಟ್ಟದಂತೆ ಎರಡೂ ಕಾಲುಗಳನ್ನು ಜೋಡಿಸಿ ಹಾರಬೇಕು; ಹಾಗೆಯೇ ಕಾಲು ಜೋಡಿಸಿಕೊಂಡು ಕುಪ್ಪಳಿಸುತ್ತ ದೂರ ಸರಿಯಬೇಕು. ಕಾಲುಗಳನ್ನು ಅಗಲಿಸಿ ಓಡಿದರೆ ಎರಡು ಹೆಜ್ಜೆಗಳ ನಡುವಣ ನೆಲದ ವಿದ್ಯುತ್ತೇ ಆಳನ್ನು ಕೆಡಹುತ್ತದೆ. ಓದಿ ತಿಳಿದರೆ ಸಾಲದು, ಹಲವು ಸಲ ಮಾಡಿಸಿ ರೂಢಿಸಬೇಕಾದ ವಿದ್ಯೆ ಇದು. ಆ ಗಳಿಗೆಯಲ್ಲಿ ಬುದ್ಧಿ ಓಡುವುದಿಲ್ಲ. ಮೈಯ ಅಭ್ಯಾಸವೇ ಓಡಬೇಕು.

ಇನ್ನು ಸನ್ನೆಗಳು. ಎಂಜಿನಿನ ಸದ್ದಿನಲ್ಲಿ ಮಾತು ಕೇಳಿಸದು. ಮುಂಗೈಯನ್ನು ಮೇಲಕ್ಕೆತ್ತಿ ತೋರುಬೆರಳನ್ನು ಸುತ್ತಿಸಿದರೆ ‘ಎತ್ತು’. ಕೈಯನ್ನು ಕೆಳಗೆ ಚಾಚಿ ಬೆರಳನ್ನು ಸುತ್ತಿಸಿದರೆ ‘ಇಳಿಸು’. ತೋಳನ್ನು ಅಡ್ಡ ಚಾಚಿ, ಅಂಗೈ ಕೆಳಮುಖವಾಗಿ ಬೀಸಿದರೆ ‘ನಿಲ್ಲಿಸು’. ಸನ್ನೆ ಮಾಡುವವನು ಒಬ್ಬನೇ ಇರಬೇಕು. ನಮ್ಮಲ್ಲಿ ಬೀದಿಗೆ ಬೀದಿಯೇ ಕೈ ಬೀಸುತ್ತದೆ. ಆದರೆ ಈ ನಿಯಮಕ್ಕೆ ಒಂದು ಸೊಗಸಾದ ಅಪವಾದವುಂಟು: ‘ನಿಲ್ಲಿಸು’ ಎಂಬ ಸನ್ನೆಯನ್ನು ಯಾರು ಬೇಕಾದರೂ ಮಾಡಬಹುದು, ಅದನ್ನು ಮಾಡಿದವನು ದೊಡ್ಡ ಇಂಜಿನಿಯರೋ ಮಣ್ಣು ಹೊರುವ ಹುಡುಗನೋ ಎಂದು ನೋಡದೆ ಚಾಲಕ ನಿಲ್ಲಿಸಲೇಬೇಕು. ಎತ್ತು ಎನ್ನುವ ಅಧಿಕಾರ ಒಬ್ಬನದು, ಬೇಡ ಎನ್ನುವ ಅಧಿಕಾರ ಎಲ್ಲರದು. ಇದನ್ನು ಕೇಳಿದಾಗ, ನಮ್ಮ ಸಭೆ ಸಮಿತಿಗಳಿಗೂ ಈ ನಿಯಮವಿದ್ದರೆ ಎಷ್ಟು ಚೆನ್ನಾಗಿತ್ತೆಂದು ನನಗೆ ಅನ್ನಿಸಿತು.

“ಇಷ್ಟೆಲ್ಲ ಎಲ್ಲಿ ಕಲಿತೆ?” ಎಂದು ಕೇಳಿದೆ. ನಾಲ್ಕು ವರ್ಷ ಕ್ಲೀನರಾಗಿ ಲಾರಿ ತೊಳೆದನಂತೆ. ಉಸ್ತಾದ ಊಟಕ್ಕೆ ಹೋದಾಗ ಕದ್ದು ಹಿಡಿಕೆ ಹಿಡಿದು ಕಲಿತನಂತೆ. ಆಮೇಲೆ ಒಂದು ದೊಡ್ಡ ಕಾರ್ಖಾನೆಯ ಗುತ್ತಿಗೆಗೆ ಸೇರಿದಾಗ, ಒಳಕ್ಕೆ ಬಿಡುವ ಮೊದಲು ಕೆಲವು ದಿನ ಕೂರಿಸಿ ಪಾಠ ಹೇಳಿದರಂತೆ. “ಹಿಡಿಕೆ ಹಿಡಿಯೂದು ಉಸ್ತಾದ ಕಲಿಸಿದ ಸರ. ಹಿಡಿಕೆ ಬಿಡೂದು ಅಲ್ಲಿ ಕಲಿಸಿದ್ರು” ಎಂದ. ಆ ಉಸ್ತಾದನ ಸುದ್ದಿ ಕೇಳಿದೆ. ಮಳೆ ಬಂದು ನೆನೆದ ಹೊಲದಲ್ಲಿ, ಮಾಲೀಕನ ಒತ್ತಾಯಕ್ಕೆ ಕಂಬ ಎತ್ತಲು ಹೋಗಿ ಕ್ರೇನು ಮಗ್ಗುಲಾಗಿ, ಅವನ ಒಂದು ಕಾಲು ಹೋಯಿತಂತೆ. ಈಗ ಹಳ್ಳಿಯಲ್ಲಿ ಬೀಡಿ ಅಂಗಡಿ ಇಟ್ಟುಕೊಂಡಿದ್ದಾನಂತೆ. “ಅವ ನನಗಿಂತ ಶ್ಯಾಣ್ಯಾ ಡ್ರೈವರ್ ಸರ. ಒಲ್ಲೆ ಅನ್ನೂದೊಂದು ಬರತಿದ್ದಿಲ್ಲ.”

ಓದುಗರೆ, ಈ ಮಾತಿನಲ್ಲಿ ಇಡೀ ವಿಷಯದ ತಿರುಳಿದೆ. ರಸ್ತೆಯ ಮೇಲೆ ಲಾರಿ ಓಡಿಸುವ ಲೈಸೆನ್ಸು ಬೇರೆ; ತೋಳು ಚಾಚಿ ಭಾರ ಎತ್ತುವ ವಿದ್ಯೆ ಬೇರೆ. ಮೊದಲನೆಯದನ್ನು ಪೋಲೀಸಿನವರು ದಾರಿಯಲ್ಲಿ ತಡೆದು ಕೇಳುತ್ತಾರೆ. ಎರಡನೆಯದನ್ನು ಕೇಳುವವರು ಯಾರು?

ಕಾನೂನು ಸುಮ್ಮನಿಲ್ಲ. ಎತ್ತುವ ಯಂತ್ರ, ಸರಪಳಿ, ಹಗ್ಗಗಳನ್ನು ೧೨ ತಿಂಗಳಿಗೆ ಒಮ್ಮೆಯಾದರೂ ಅರ್ಹನಾದವನಿಂದ ಕೂಲಂಕಷವಾಗಿ ಪರೀಕ್ಷೆ ಮಾಡಿಸಬೇಕೆಂದೂ, ನಿಗದಿಯಾದ ಭಾರವನ್ನು ಮೀರಕೂಡದೆಂದೂ ೧೯೪೮ರ ಕಾರ್ಖಾನೆಗಳ ಕಾಯಿದೆಯ ೨೯ನೆಯ ಕಲಮು ವಿಧಿಸಿತು. ಕಾರ್ಖಾನೆಯ ಹೊರಗಿನ ಕಟ್ಟಡ ಕಾರ್ಮಿಕರಿಗಾಗಿ ೧೯೯೬ರಲ್ಲಿ ಬೇರೊಂದು ಕಾಯಿದೆ ಬಂದು, ೧೯೯೮ರ ಅದರ ನಿಯಮಗಳಲ್ಲಿ ಎತ್ತುವ ಸಾಧನಗಳಿಗೆಂದೇ ಒಂದು ಅಧ್ಯಾಯ ಮೀಸಲಾಯಿತು. ಈ ಕಾಯಿದೆಗಳನ್ನು ಒಳಗೊಂಡ ೨೦೨೦ರ ಔದ್ಯೋಗಿಕ ಸುರಕ್ಷತೆಯ ಸಂಹಿತೆ ೨೦೨೫ರ ನವೆಂಬರ್ ೨೧ರಿಂದ ಜಾರಿಗೆ ಬಂದಿದೆ. ಅಮೆರಿಕ ೨೦೧೦ರಲ್ಲಿ ಕ್ರೇನುಗಳ ನಿಯಮಗಳನ್ನು ಹೊಸದಾಗಿ ಬರೆದು, ನಿರ್ಮಾಣ ಕೆಲಸದ ಚಾಲಕನಿಗೆ ಪರೀಕ್ಷೆ ಮಾಡಿ ಪ್ರಮಾಣಪತ್ರ ಕೊಡುವುದನ್ನು ೨೦೧೮ರ ನವೆಂಬರಿನಿಂದ ಕಡ್ಡಾಯವಾಗಿ ನಡೆಸತೊಡಗಿತು. ಆದರೆ ನಾಲ್ಕೈದು ಆಳುಗಳನ್ನು ಇಟ್ಟುಕೊಂಡು ವಾಸಕ್ಕೆಂದು ಕಟ್ಟಿಕೊಳ್ಳುವ ಸಣ್ಣ ಮನೆಯ ಅಂಗಳಕ್ಕೆ, ಜಾತ್ರೆಯ ಬಯಲಿಗೆ, ಕಾನೂನಿನ ಕಣ್ಣು ತಲಪುವುದು ಕಷ್ಟ. ಅಲ್ಲಿ ಕಾನೂನಿನ ಕೆಲಸವನ್ನು ಮಾಡಬೇಕಾದದ್ದು ಚಾಲಕನ ಕಲಿಕೆ ಮತ್ತು ಕರೆಸಿದವರ ವಿವೇಕ.

ವಿವೇಕ ತಪ್ಪಿದರೆ ಏನಾಗುವುದೆಂಬುದಕ್ಕೆ ನೆರೆಯ ತಮಿಳುನಾಡಿನ ಒಂದು ಜಾತ್ರೆ ಸಾಕ್ಷಿ. ೨೦೨೩ರ ಜನವರಿ ೨೨ರ ರಾತ್ರಿ, ಅರಕ್ಕೋಣದ ಬಳಿಯ ಕೀಳ್‌ವೀದಿ ಎಂಬ ಹಳ್ಳಿಯಲ್ಲಿ, ದೇವರಿಗೆ ಹಾರಗಳನ್ನು ಅರ್ಪಿಸಲೆಂದು ಕ್ರೇನಿನ ಮೇಲೆ ಜನರನ್ನು ಏರಿಸಿದ್ದರು. ತಗ್ಗುದಿಣ್ಣೆಯ ನೆಲದಲ್ಲಿ ಕ್ರೇನು ವಾಲಿ ಜನರ ನಡುವೆ ಮಗುಚಿತು, ನಾಲ್ವರು ತೀರಿಕೊಂಡರು. ಭಾರ ಎತ್ತುವ ಕೊಕ್ಕೆಯನ್ನು ಮನುಷ್ಯರ ಏಣಿಯಾಗಿ ಮಾಡಿಕೊಂಡದ್ದು ಒಂದು ತಪ್ಪು. ನೆಲವನ್ನು ನಂಬಿದ್ದು ಇನ್ನೊಂದು ತಪ್ಪು. ಚಾಲಕನನ್ನು ಪೋಲೀಸರು ಹಿಡಿದರು. ಆದರೆ ಅಷ್ಟು ಜನರ ಭಕ್ತಿಯ ಉತ್ಸಾಹದ ಎದುರು ‘ಒಲ್ಲೆ’ ಎನ್ನಲು ಆ ಚಾಲಕನಿಗೆ ಎಷ್ಟು ಎದೆ ಬೇಕಾಗಿತ್ತೆಂದು ಯೋಚಿಸಿ. ನಮ್ಮ ನಾಡಿನಲ್ಲಿಯೂ ಚುನಾವಣೆ ಬಂದರೆ ಮುಖಂಡರ ಕೊರಳಿಗೆ ಕ್ರೇನಿನ ಕೊಕ್ಕೆಯಿಂದ ಸೇಬಿನ ಹಾರ ಇಳಿಯುತ್ತದೆ. ಕೆಳಗೆ ನೂರಾರು ತಲೆಗಳು. ತೂಗುವ ಹೊರೆಯ ಕೆಳಗೆ ಒಬ್ಬನೂ ನಿಲ್ಲಬಾರದೆಂಬುದು ಈ ವಿದ್ಯೆಯ ಮೊದಲ ಸೂತ್ರ. ನಾವು ಅದನ್ನೇ ಮುರಿದು ಚಪ್ಪಾಳೆ ತಟ್ಟುತ್ತೇವೆ.

ವಿವೇಕ ನಿಂತ ಕಡೆ ಏನಾಗುವುದೆಂಬುದಕ್ಕೂ ಸಾಕ್ಷಿ ಇದೆ, ಅದೂ ನಮ್ಮ ಜಿಲ್ಲೆಯಲ್ಲಿಯೇ. ೨೦೨೪ರ ಆಗಸ್ಟ್ ೧೦ರ ರಾತ್ರಿ ಹೊಸಪೇಟೆಯ ತುಂಗಭದ್ರಾ ಅಣೆಕಟ್ಟಿನ ೩೩ ಗೇಟುಗಳ ಪೈಕಿ ೧೯ನೆಯದರ ಸರಪಳಿ ಕಡಿದು, ಗೇಟು ಕೊಚ್ಚಿಹೋಯಿತು. ತುಂಬಿದ ಜಲಾಶಯ ಹಗಲಿರುಳೂ ಬರಿದಾಗುತ್ತಿತ್ತು. ಹಡಗಲಿ, ಹಗರಿಬೊಮ್ಮನಹಳ್ಳಿಗಳ ಅಂಚಿನ ಹಿನ್ನೀರಿನಿಂದ ಹಿಡಿದು ಆಂಧ್ರ, ತೆಲಂಗಾಣಗಳ ಕಾಲುವೆಯ ತುದಿಯವರೆಗೆ ರೈತರು ಉಸಿರು ಬಿಗಿಹಿಡಿದಿದ್ದರು. ಗೇಟುಗಳ ತಜ್ಞರಾದ ಕನ್ನಯ್ಯನಾಯ್ಡು ಅವರ ಮಾರ್ಗದರ್ಶನದಲ್ಲಿ, ೬೦ ಅಡಿ ಉದ್ದದ ಉಕ್ಕಿನ ಅಡ್ಡಹಲಗೆಗಳನ್ನು ಕ್ರೇನುಗಳಿಂದ ಒಂದರ ಮೇಲೊಂದು ಇಳಿಸಿ ಆ ಬಾಯಿಯನ್ನು ಮುಚ್ಚುವುದೆಂದು ನಿಶ್ಚಯವಾಯಿತು. ಕೆಳಗೆ ಭೋರ್ಗರೆಯುವ ಹೊಳೆ, ಸುತ್ತ ಮಂತ್ರಿಗಳು, ಅಧಿಕಾರಿಗಳು, ಪತ್ರಿಕೆಯವರು. ಇದಕ್ಕಿಂತ ದೊಡ್ಡ ಅವಸರ ಯಾವ ಗೃಹಪ್ರವೇಶಕ್ಕಿದ್ದೀತು? ಆದರೂ ಮೊದಲ ಯತ್ನ ಕೈಗೂಡದೆಹೋದಾಗ ಅವರು ಬಲವಂತ ಮಾಡಲಿಲ್ಲ. ನಿಲ್ಲಿಸಿದರು. ಅಡ್ಡವಾಗಿದ್ದ ಭಾಗಗಳನ್ನು ತೆಗೆದು ಮತ್ತೆ ತೊಡಗಿದರು. ಆಗಸ್ಟ್ ೧೬ರಂದು ಮೊದಲನೆಯ ಹಲಗೆ ಕೂತಿತು. ಮರುದಿನದೊಳಗೆ ಐದೂ ಕೂತವು. ನೀರು ಉಳಿಯಿತು. ಜನ ತಜ್ಞರ ಧೈರ್ಯವನ್ನು ಕೊಂಡಾಡಿದರು, ಕೊಂಡಾಡತಕ್ಕದ್ದೇ. ನಾನು ಕೊಂಡಾಡುವುದು ಆ ನಡುವಣ ತಾಳ್ಮೆಯನ್ನು.

ಹಾಗಾದರೆ ನಾವು, ಯಂತ್ರದ ಗಂಧವಿಲ್ಲದ ಸಂಸಾರಸ್ಥರು, ಏನು ಮಾಡಬೇಕು? ದೊಡ್ಡದೇನೂ ಅಲ್ಲ. ಕ್ರೇನನ್ನು ಕರೆಸುವಾಗ ಬಾಡಿಗೆಯನ್ನು ಕೇಳುವಂತೆಯೇ, ಚಾಲಕನು ತರಬೇತಿ ಪಡೆದವನೇ, ಯಂತ್ರದ ವಾರ್ಷಿಕ ಪರೀಕ್ಷೆಯ ಕಾಗದವಿದೆಯೇ ಎಂದು ಕೇಳಬೇಕು. ತಂತಿ ಹತ್ತಿರವಿದ್ದರೆ ವಿದ್ಯುತ್ತನ್ನು ನಿಲ್ಲಿಸುವ ಏರ್ಪಾಡನ್ನು ಹಿಂದಿನ ದಿನವೇ ಮಾಡಬೇಕು. ನೆಲದ ಕೆಳಗೆ ಬಾವಿ, ಗುಂಡಿ, ಹಗೇವು ಇದ್ದರೆ ಮುಚ್ಚುಮರೆಯಿಲ್ಲದೆ ಹೇಳಬೇಕು. ತೋಳು ಸುತ್ತುವಷ್ಟು ಜಾಗಕ್ಕೆ ಹಗ್ಗ ಕಟ್ಟಿ, ಮಕ್ಕಳನ್ನು ಮನೆಯೊಳಗೆ ಕರೆದುಕೊಳ್ಳಬೇಕು. ಹೊರೆಯನ್ನು ಮೊದಲು ಒಂದು ಗೇಣು ಎತ್ತಿ, ಕ್ಷಣಕಾಲ ನಿಲ್ಲಿಸಿ ನೋಡಿ ಆಮೇಲೆ ಮೇಲಕ್ಕೆ ಒಯ್ಯುವ ಚಾಲಕನನ್ನು ಕಂಡರೆ, ತಡಮಾಡುತ್ತಾನೆಂದು ಗೊಣಗದೆ, ಬಲ್ಲವನೆಂದು ತಿಳಿಯಬೇಕು. ಕಡೆಯದಾಗಿ, ಅವನು ‘ಒಲ್ಲೆ’ ಎಂದರೆ ಅವನ ಆ ದಿನದ ಬಾಡಿಗೆಗೆ ಕತ್ತರಿ ಹಾಕಬಾರದು. ‘ಒಲ್ಲೆ’ ಎಂದವನ ಹೊಟ್ಟೆಯ ಮೇಲೆ ಹೊಡೆದರೆ ನಾಳೆ ಅವನು ‘ಹೂಂ’ ಎನ್ನುತ್ತಾನೆ. ಉಸ್ತಾದನೂ ಹಾಗೆಯೇ ‘ಹೂಂ’ ಎಂದದ್ದು.

ಲೈನ್‌ಮನ್ ಬರುವುದು ತಡವಾಗುವಂತೆ ಕಂಡಿತು. ಚಾಲಕ ದಿಮ್ಮಿಗಳನ್ನು ಇಳಿಸಿಕೊಳ್ಳುತ್ತಿರುವಾಗ ನಾನು ಭೀಮೇಶ್ವರನ ಗುಡಿಗೆ ಹೋಗಿಬಂದೆ. ನುಣುಪಾದ ಕಂಬಗಳ ಮೇಲೆ ತೊಲೆಗಳು, ತೊಲೆಗಳ ಮೇಲೆ ಹಾಸುಗಲ್ಲುಗಳು. ಒಂದೊಂದು ಕಲ್ಲಿನ ತೂಕವನ್ನೂ ಮನಸ್ಸಿನಲ್ಲಿಯೇ ಎಣಿಸುವ ಚಟ ಆಗಲೇ ನನಗೆ ಹತ್ತಿತ್ತು. ಎಂಜಿನಿಲ್ಲದ ಕಾಲದಲ್ಲಿ ಈ ಕಲ್ಲುಗಳನ್ನು ಏರಿಸಿದವರ ಕೈಕಾಲುಗಳ ನೆನಪೂ ಬಂದಿತು. ಅವರಲ್ಲಿಯೂ ಒಬ್ಬನು ಒಂದು ಬೆಳಗ್ಗೆ ಹಗ್ಗವನ್ನು ಮುಟ್ಟಿ ನೋಡಿ, “ಇಂದು ಬೇಡ, ಹಗ್ಗ ಬದಲಿಸೋಣ” ಎಂದಿರಬೇಕು. ಅವನ ಹೆಸರನ್ನು ಯಾವ ಶಾಸನವೂ ಬರೆದಿರಲಾರದು. ಆದರೆ ಅವನ ಮಾತನ್ನು ಕೇಳಿದುದರಿಂದ ಎಷ್ಟೋ ಮನೆಗಳ ದೀಪ ಉಳಿದಿದ್ದೀತು.

ಮರಳಿ ಬರುವಷ್ಟರಲ್ಲಿ ತಂತಿಯ ವಿದ್ಯುತ್ತು ನಿಂತಿತ್ತ. ಕ್ರೇನು ಹಗೇವಿನಿಂದ ದೂರ ಸರಿದು, ಮನೆಗೆ ಹತ್ತಿರವಾಗಿ, ನಾಲ್ಕು ಕಾಲುಗಳನ್ನೂ ದಿಮ್ಮಿಗಳ ಮೇಲೆ ಊರಿ ನಿಂತಿತ್ತು. ಸಲಾಕೆಯ ಕಟ್ಟು ಒಂದು ಗೇಣು ಎದ್ದು, ನಿಂತು, ಆಮೇಲೆ ಹಗುರವಾಗಿ ಮೇಲಕ್ಕೆ ತೇಲಿತು. ಕೆಲಸ ಮುಗಿಯಲು ಅರ್ಧ ಗಂಟೆಯೂ ಹಿಡಿಯಲಿಲ್ಲ. ಕಾದದ್ದು ಎರಡೂವರೆ ಗಂಟೆ.

ಹೋಳಿಗೆ ಆರಿತ್ತು. ನಾದಿನಿ ಮತ್ತೆ ಬಿಸಿ ಮಾಡಿ ಬಡಿಸಿದಳು. ಚಾಲಕನನ್ನೂ ಪಂಕ್ತಿಯಲ್ಲಿ ಕೂರಿಸಿ ಉಣ್ಣಿಸಬೇಕೆಂದು ನಾನು ಹಟಹಿಡಿದೆ. ಮೂರನೆಯ ಹೋಳಿಗೆಯನ್ನು ಹಾಕಲು ಬಂದಾಗ ಅವನು ಎಲೆಗೆ ಕೈ ಅಡ್ಡ ಹಿಡಿದು, “ಒಲ್ಲೆ ಯಕ್ಕಾ” ಎಂದ. ಈ ಒಂದು ‘ಒಲ್ಲೆ’ಯನ್ನು ಮಾತ್ರ ನಾವು ಯಾರೂ ಕೇಳಲಿಲ್ಲ.